ಮನೆಯೊಳಗೆ ಸುರಿದ ಮಳೆ

ಕೊಳದ ನೀರೊಳಗೆ ಜೊಂಡು ನಿಧಾನವಾಗಿ ತೂಗುತ್ತದೆ. ಒಂದು ಎಲೆ ತೇಲಿ ಹೋಗುತ್ತದೆ. ಆಮೇಲೆ ಮಳೆ. ಗಂಡಸೊಬ್ಬ ಜಗಲಿಯಲ್ಲಿ ನೆನೆಯುತ್ತ ಕೂತಿದ್ದಾನೆ, ಮೇಜಿನ ಮೇಲಿನ ಚಹಾದ ಬಟ್ಟಲಿಗೆ ಹನಿ ಬೀಳುತ್ತಿದೆ. ಬಾಹ್ಯಾಕಾಶದ ಸಿನಿಮಾವೊಂದು ಶುರುವಾಗುವುದು ಹೀಗೆ. ಆಂದ್ರೇ ತಾರ್ಕೋವ್‌ಸ್ಕಿಯ ‘ಸೊಲಾರಿಸ್’ (1972) ಭೂಮಿ ಬಿಟ್ಟು ಮೇಲೇಳುವಷ್ಟರಲ್ಲಿ ಮುಕ್ಕಾಲು ಗಂಟೆಯ ಹತ್ತಿರ ಕಳೆದಿರುತ್ತದೆ. ಮೂಲ ಕಾದಂಬರಿ ಬರೆದ ಪೋಲೆಂಡಿನ ಸ್ತಾನಿಸ್ಲಾವ್ ಲೆಮ್ ಸಿಟ್ಟಾಗಲು ಈ ಭೂಮಿಯೂ ಒಂದು ಕಾರಣ.

1961ರ ಆ ಕಾದಂಬರಿಯ ಕತೆ ನಡೆಯುವುದು ಸೊಲಾರಿಸ್ ಗ್ರಹದ ಮೇಲಿನ ಸಂಶೋಧನಾ ನಿಲ್ದಾಣದಲ್ಲಿ. ಕೆಳಗೆ ಗ್ರಹವನ್ನೇ ಆವರಿಸಿದ ಸಾಗರ, ಅದಕ್ಕೆ ಜೀವವಿದೆ. ನಿದ್ದೆಯಲ್ಲಿರುವವರ ಮನಸ್ಸಿನಿಂದ ಅದು ಮನುಷ್ಯರನ್ನು ಕಡೆದು ಕಳಿಸುತ್ತದೆ. ಮನಶ್ಶಾಸ್ತ್ರಜ್ಞ ಕೆಲ್ವಿನ್‌ನ ಕೋಣೆಗೆ ಬರುವವಳು ಹತ್ತು ವರ್ಷದ ಹಿಂದೆ ಆತ್ಮಹತ್ಯೆ ಮಾಡಿಕೊಂಡ ಹೆಂಡತಿ ಹಾರಿ. ಲೆಮ್‌ಗೆ ಮುಖ್ಯವಾಗಿದ್ದು ಸಾಗರ. ತಲೆಮಾರುಗಳ ವಿಜ್ಞಾನಿಗಳು ಗ್ರಂಥಾಲಯ ತುಂಬುವಷ್ಟು ಬರೆದರೂ ಅದರ ಒಳಗು ಯಾರಿಗೂ ತಿಳಿದಿಲ್ಲ. ನಿರ್ದೇಶಕನಿಗೆ ಮುಖ್ಯವಾಗಿದ್ದು ಹಾರಿ.

ತಾರ್ಕೋವ್‌ಸ್ಕಿ ಮತ್ತು ಫ್ರೀಡ್ರಿಖ್ ಗೊರೆನ್‌ಸ್ಟೈನ್ ಬರೆದ ಮೊದಲ ಚಿತ್ರಕತೆ ಬಹುಪಾಲು ಭೂಮಿಯಲ್ಲೇ ನಡೆಯುತ್ತಿತ್ತು. ಕೆಲ್ವಿನ್‌ಗೆ ಕಾದಂಬರಿಯಲ್ಲಿಲ್ಲದ ಎರಡನೇ ಹೆಂಡತಿಯೂ ಇದ್ದಳು. ಲೆಮ್ ಮಾಸ್ಕೋಗೆ ಹೋಗಿ ವಾರಗಟ್ಟಲೆ ಜಗಳವಾಡಿದರು, ಕೊನೆಗೆ ‘ಮೂರ್ಖ’ ಎಂದು ಬೈದು ಮನೆಗೆ ಮರಳಿದರು. ತನ್ನ ಪುಸ್ತಕದಿಂದ ತಾರ್ಕೋವ್‌ಸ್ಕಿ ಮಾಡಿದ್ದು ದಸ್ತಯೇವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯನ್ನು ಎಂಬುದು ಅವರ ಕೊನೆಯವರೆಗಿನ ದೂರು. ಇತ್ತ ಸೋವಿಯತ್ ಅಧಿಕಾರಿಗಳು ದೇವರ ಮಾತು ತೆಗೆಯಿರಿ ಎನ್ನುವುದೂ ಸೇರಿ ತಿದ್ದುಪಡಿಗಳ ಉದ್ದನೆಯ ಪಟ್ಟಿ ಕೊಟ್ಟಿದ್ದರು.

ಲೆಮ್ ಹೇಳಿದ್ದು ನಿಜ. ಪುಟಗಟ್ಟಲೆ ಬೆಳೆದು ಕುಸಿಯುವ ಅವರ ಸಾಗರ ಸಿನಿಮಾದಲ್ಲಿ ಸುಳಿಯುವ ಬಣ್ಣದ ನೀರಾಗಿ ಆಗಾಗ ಬಂದು ಹೋಗುತ್ತದೆ, ಅಷ್ಟೆ. ಆದರೂ ಈ ಚಿತ್ರವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಕೂಬ್ರಿಕ್‌ನ ‘2001’ (1968) ತಾರ್ಕೋವ್‌ಸ್ಕಿಗೆ ತಣ್ಣಗೆ, ನಿರ್ಜೀವವಾಗಿ ಕಂಡಿತ್ತು. ಅದಕ್ಕೇ ಇಲ್ಲಿನ ನಿಲ್ದಾಣ ಬಳಸಿ ಸವೆದದ್ದು. ಗೋಡೆಯಿಂದ ತಂತಿ ಹೊರಬಂದಿದೆ, ಸಾಮಾನು ಚೆಲ್ಲಾಪಿಲ್ಲಿ. ಗಾಳಿ ಬರುವ ಕಿಂಡಿಗೆ ಯಾರೋ ಕಾಗದದ ಚೂರುಗಳನ್ನು ಅಂಟಿಸಿದ್ದಾರೆ, ರಾತ್ರಿ ಎಲೆಗಳ ಸದ್ದು ಕೇಳಲಿ ಎಂದು. ಮನೆಯಿಂದ ದೂರವಾದವನ ಸಂಕಟ ಹೇಳಲು ಆ ಕಾಗದ ಸಾಕು.

ಟೋಕಿಯೊದ ರಸ್ತೆಯ ಬಗ್ಗೆ ವಾದ ಇವತ್ತಿಗೂ ಮುಗಿದಿಲ್ಲ. ಭವಿಷ್ಯದ ನಗರವೆಂದು ಅಲ್ಲಿನ ಹೆದ್ದಾರಿಯನ್ನೇ ಚಿತ್ರಿಸಿ, ಐದು ನಿಮಿಷದಷ್ಟು ಕಾರಿನ ಓಟ ತೋರಿಸಿದ್ದಾರೆ. ಸುರಂಗ, ಸೇತುವೆ, ಮತ್ತೆ ಸುರಂಗ. ಮೊದಲ ಸಲ ನೋಡಿದಾಗ ನನ್ನ ತಾಳ್ಮೆ ಕೆಟ್ಟಿತ್ತು. ಎರಡನೇ ಸಲ ಅದರ ಕೊನೆಯನ್ನು ಗಮನಿಸಿದೆ. ಗದ್ದಲ ಕಿವಿಗಡಚಿಕ್ಕುವಷ್ಟು ಏರಿದಾಗ ಚಿತ್ರ ತಟಕ್ಕನೆ ತೋಟದ ಮನೆಯ ಮೌನಕ್ಕೆ ಜಿಗಿಯುತ್ತದೆ. ಅಷ್ಟು ಹೊತ್ತು ಕಾಯಿಸದಿದ್ದರೆ ಆ ಮೌನ ಕೇಳಿಸುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನ್ನ ತಕರಾರು ನಿರ್ದೇಶಕನ ಜೊತೆಗೇ. ‘ಸೊಲಾರಿಸ್’ ವಿಜ್ಞಾನ ಕಾದಂಬರಿಯ ಕಟ್ಟಿನಿಂದ ಪೂರ್ತಿ ಬಿಡಿಸಿಕೊಳ್ಳಲಿಲ್ಲ, ತಮ್ಮದೇ ‘ಸ್ಟಾಕರ್’ (1979) ಬಿಡಿಸಿಕೊಂಡಿತು ಎಂದು ಅವರು ನಂತರ ಕೊರಗಿದರು. ನಾನು ಒಪ್ಪುವುದಿಲ್ಲ. ನಿಲ್ದಾಣ ಕಕ್ಷೆ ಬದಲಿಸುವಾಗ 30 ಸೆಕೆಂಡು ತೂಕವೇ ಇಲ್ಲವಾಗುತ್ತದೆ. ಗ್ರಂಥಾಲಯದಲ್ಲಿ ಹಾರಿ ಬ್ರೂಗಲ್‌ನ ಹಿಮದ ಬೇಟೆಗಾರರ ಚಿತ್ರವನ್ನು ನೋಡಿ ಮುಗಿಸಿದ್ದಾಳಷ್ಟೆ. ಉರಿಯುವ ಮೇಣದಬತ್ತಿಗಳು ತೇಲುತ್ತವೆ, ಬಿಚ್ಚಿದ ಪುಸ್ತಕ ತೇಲುತ್ತದೆ, ಬಾಖ್‌ನ ಸಂಗೀತದಲ್ಲಿ ಗಂಡ ಹೆಂಡತಿ ಅಪ್ಪಿಕೊಂಡು ಮೇಲೇಳುತ್ತಾರೆ. ನೆಲದ ಮೇಲಿನ ಯಾವ ಪ್ರೇಮಕತೆಗೆ ಇದು ದಕ್ಕೀತು? ಆ ಅಪ್ಪುಗೆಯ ಬೆನ್ನಿಗೇ ಹಾರಿ ದ್ರವ ಆಮ್ಲಜನಕ ಕುಡಿದು ಹೆಪ್ಪುಗಟ್ಟಿ ಬಿದ್ದಿರುತ್ತಾಳೆ. ಅವಳಿಗೆ ಸಾಯಲೂ ಬಿಡುಗಡೆಯಿಲ್ಲ, ಮತ್ತೆ ಉಸಿರು ಬರುತ್ತದೆ. ಮೈ ನಡುಗಿಸುವ ಈ ದುಃಖವನ್ನು ಕೊಟ್ಟದ್ದು ಅವರು ಕಳಚಿಹಾಕಲು ಬಯಸಿದ ಆ ಕಟ್ಟೇ.

ಸಿನಿಮಾದ ಕೊನೆಗೆ ಕೆಲ್ವಿನ್ ಅಪ್ಪನ ಮನೆಯ ಕಿಟಕಿಯಲ್ಲಿ ಇಣುಕುತ್ತಾನೆ. ಮಳೆ ಮನೆಯೊಳಗೆ ಸುರಿಯುತ್ತಿದೆ, ಅಪ್ಪನ ಬೆನ್ನಿನಿಂದ ಹಬೆ ಏಳುತ್ತಿದೆ. ಕ್ಯಾಮೆರಾ ಮೇಲೇರಿದಾಗ ಆ ಮನೆ ಸೊಲಾರಿಸ್ ಸಾಗರದ ನಡುವಿನ ದ್ವೀಪವೆಂದು ಕಾಣುತ್ತದೆ. ಕಾದಂಬರಿಯ ಕೊನೆಯಲ್ಲಿ ಮನೆಯಿಲ್ಲ, ಅಪ್ಪನಿಲ್ಲ. ಕೆಲ್ವಿನ್ ದಡದಲ್ಲಿ ಕೂತು ಅಲೆಗೆ ಕೈ ಚಾಚುತ್ತಾನೆ. ಅಲೆ ಬಂದು ಕೈಯನ್ನು ಸುತ್ತುತ್ತದೆ, ಮುಟ್ಟುವುದಿಲ್ಲ, ನಡುವೆ ಗಾಳಿಯ ತೆಳು ಪದರವೊಂದು ಉಳಿಯುತ್ತದೆ.

2002ರಲ್ಲಿ ಸ್ಟೀವನ್ ಸೋಡರ್‌ಬರ್ಗ್ ಅದೇ ಕಾದಂಬರಿಯನ್ನು ಮತ್ತೆ ತೆರೆಗೆ ತಂದಾಗಲೂ ಹಿಡಿದದ್ದು ಪ್ರೇಮವನ್ನೇ. ಮುಟ್ಟದೆ ಸುತ್ತಿದ ಆ ಅಲೆಗಾಗಿ ನಾನಿನ್ನೂ ಕಾಯುತ್ತಿದ್ದೇನೆ.