ಸೀಗೆ, ಲೋಳೆ ಮತ್ತು ನೀರು: ಜನಪದ ಸ್ನಾನದ್ರವ್ಯಗಳ ಒಂದು ವಿವೇಚನೆ

ಕರ್ನಾಟಕದ ಎಣ್ಣೆಸ್ನಾನದ ಪದ್ಧತಿಯನ್ನು ಜಾನಪದ ಅಧ್ಯಯನವು ಸಾಮಾನ್ಯವಾಗಿ ಆಚರಣೆಯ ನೆಲೆಯಿಂದ ನೋಡುತ್ತದೆ. ನರಕ ಚತುರ್ದಶಿಯ ಅಭ್ಯಂಜನ, ಬಾಣಂತಿಯ ಎರೆತ, ಮದುವೆಯ ಎಣ್ಣೆಶಾಸ್ತ್ರ ಮೊದಲಾದ ಸಂದರ್ಭಗಳಲ್ಲಿ ಬಳಕೆಯಾಗುವ ದ್ರವ್ಯಗಳು ಅಲ್ಲಿ ಹೆಸರಿನ ಪಟ್ಟಿಯಾಗಿ ಉಳಿದುಬಿಡುವುದುಂಟು. ಆ ದ್ರವ್ಯಗಳು ನೀರಿನಲ್ಲಿ ಪರಸ್ಪರ ಹೇಗೆ ವರ್ತಿಸುತ್ತವೆ ಎಂಬ ಪ್ರಶ್ನೆಯೂ ಜನಪದ ಜ್ಞಾನದ ಅಧ್ಯಯನಕ್ಕೆ ಸೇರಿದುದೇ ಆಗಿದೆ.

ಈ ದ್ರವ್ಯಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ನೊರೆ ಕೊಡುವ ವರ್ಗ. ಸೀಗೆಕಾಯಿ ಮತ್ತು ಅಂಟುವಾಳದಲ್ಲಿರುವ ಸಪೋನಿನ್‌ಗಳು ಇದಕ್ಕೆ ಕಾರಣ. ಸಪೋನಿನ್ ಅಣುವಿನ ಒಂದು ಭಾಗ ನೀರಿಗೆ ಒಲಿದರೆ ಇನ್ನೊಂದು ಭಾಗ ಎಣ್ಣೆಗೆ ಒಲಿಯುತ್ತದೆ. ಇಂತಹ ವಸ್ತುಗಳನ್ನು ರಸಾಯನಶಾಸ್ತ್ರವು ಸರ್ಫ್ಯಾಕ್ಟೆಂಟ್ ಎಂದು ಕರೆಯುತ್ತದೆ. ನೀರಿನಲ್ಲಿ ಇವುಗಳ ಪ್ರಮಾಣ ಒಂದು ಮಿತಿಯನ್ನು ದಾಟಿದಾಗ ಅಣುಗಳು ಗುಂಪುಗೂಡಿ ಮೈಸೆಲ್ ಎಂಬ ಸೂಕ್ಷ್ಮ ಗೋಳಗಳಾಗುತ್ತವೆ. ಎಣ್ಣೆಯ ಜಿಡ್ಡು ಅವುಗಳ ಒಡಲನ್ನು ಸೇರಿ ನೀರಿನೊಡನೆ ಹರಿದುಹೋಗುತ್ತದೆ. ಗಡಸು ನೀರಿನಲ್ಲಿ ಸಾಬೂನು ಕ್ಯಾಲ್ಸಿಯಂನೊಡನೆ ಕೂಡಿ ಗಸಿ ಕಟ್ಟುತ್ತದೆ. ಸಪೋನಿನ್ ಹಾಗೆ ಗಸಿ ಕಟ್ಟುವುದಿಲ್ಲ.

ಎರಡನೆಯದು ಲೋಳೆಯ ವರ್ಗ. ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ತೆಗೆಯುವ ಲೋಳೆಗೆ ಮಲೆನಾಡು ಮತ್ತು ಕರಾವಳಿಯ ಕೆಲವೆಡೆ ಗೊಂಪು ಎಂಬ ಹೆಸರಿದೆ. ನೆನೆಸಿ ಅರೆದ ಮೆಂತ್ಯವೂ ಇದೇ ವರ್ಗಕ್ಕೆ ಸೇರುತ್ತದೆ. ಇವುಗಳಲ್ಲಿರುವುದು ಸಕ್ಕರೆಯ ಘಟಕಗಳು ಸರಪಳಿಯಂತೆ ಬೆಸೆದುಕೊಂಡ ಉದ್ದನೆಯ ಅಣುಗಳು, ಅಂದರೆ ನೈಸರ್ಗಿಕ ಪಾಲಿಮರ್‌ಗಳು. ಇವು ನೀರನ್ನು ಹಿಡಿದಿಟ್ಟು ದಪ್ಪಗೊಳಿಸುತ್ತವೆ. ಕೂದಲೆಳೆಗಳ ನಡುವಿನ ಘರ್ಷಣೆಯನ್ನು ತಗ್ಗಿಸಿ ಸಿಕ್ಕು ಬಿಡಿಸಲು ನೆರವಾಗುತ್ತವೆ.

ಸರ್ಫ್ಯಾಕ್ಟೆಂಟ್ ಮತ್ತು ಪಾಲಿಮರ್ ಒಂದೇ ನೀರಿನಲ್ಲಿ ಸೇರಿದಾಗ ನಡೆಯುವ ಕ್ರಿಯೆಗಳು ವಿವಿಧ. ಸೋಡಿಯಂ ಡೊಡೆಸೈಲ್ ಸಲ್ಫೇಟ್ ಎಂಬ ಸರ್ಫ್ಯಾಕ್ಟೆಂಟ್ ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಮೋಲ್ ಪ್ರಮಾಣದಲ್ಲಿ ಮೈಸೆಲ್ ಕಟ್ಟುತ್ತದೆ. ಪಾಲಿಎಥಿಲೀನ್ ಆಕ್ಸೈಡ್ ಎಂಬ ಪಾಲಿಮರ್ ಅಲ್ಲಿದ್ದರೆ ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿಯೇ ಅಣುಗಳು ಸರಪಳಿಯ ಮೇಲೆ ಮಣಿ ಪೋಣಿಸಿದಂತೆ ಗುಂಪುಗೂಡುತ್ತವೆ. ಎರಡರ ವಿದ್ಯುದಂಶ ಪರಸ್ಪರ ವಿರುದ್ಧವಾಗಿದ್ದರೆ ಆಕರ್ಷಣೆ ಬಲವಾಗಿ, ಅವು ಜೊತೆಗೂಡಿ ನೀರಿನಿಂದ ಬೇರ್ಪಟ್ಟು ಮಂದವಾದ ಪದರವಾಗಬಹುದು. ವಿರುದ್ಧ ವಿದ್ಯುದಂಶದ ಕಲಿಲಗಳು ಹೀಗೆ ಪದರವಾಗಿ ಬೇರ್ಪಡುವುದಕ್ಕೆ ಬುಂಗೆನ್‌ಬರ್ಗ್ ದೆ ಯೊಂಗ್ ಮತ್ತು ಕ್ರಯ್ಟ್ 1929ರಲ್ಲಿ ಕೊಅಸರ್ವೇಷನ್ ಎಂಬ ಹೆಸರನ್ನಿತ್ತರು. ಇಂದಿನ ಅನೇಕ ಶಾಂಪೂಗಳು ನೆಚ್ಚಿರುವುದು ಇದನ್ನೇ. ಸೀಸೆಯಲ್ಲಿ ಸರ್ಫ್ಯಾಕ್ಟೆಂಟ್ ಹೇರಳವಾಗಿರುವುದರಿಂದ ಧನಾಂಶದ ಪಾಲಿಮರ್ ಕರಗಿಯೇ ಇರುತ್ತದೆ. ತಲೆಯ ಮೇಲೆ ನೀರು ಬಿದ್ದು ಮಿಶ್ರಣ ತೆಳುವಾದಾಗ ಎರಡೂ ಸೇರಿ ಬೇರ್ಪಟ್ಟು ಕೂದಲಿಗೆ ಅಂಟುತ್ತವೆ.

ಸೀಗೆ ಮತ್ತು ಗೊಂಪಿನ ಜೋಡಿಯನ್ನು ಇದಕ್ಕೆ ಸಮೀಕರಿಸುವುದು ಸರಿಯಲ್ಲ. ದಾಸವಾಳದ ಲೋಳೆಯಲ್ಲಿ ಆಮ್ಲೀಯ ಸಕ್ಕರೆಗಳಿದ್ದು ಅದರ ವಿದ್ಯುದಂಶ ಋಣಾತ್ಮಕ. ಸಪೋನಿನ್‌ನ ನೀರೊಲವಿನ ಭಾಗವೂ ಮುಖ್ಯವಾಗಿ ಸಕ್ಕರೆಯೇ. ವಿರುದ್ಧ ವಿದ್ಯುದಂಶದ ಬಲವಾದ ಸೆಳೆತಕ್ಕೆ ಇಲ್ಲಿ ಅವಕಾಶ ಕಡಿಮೆ. ಒಂದು ಜಿಡ್ಡು ತೆಗೆಯುತ್ತದೆ, ಇನ್ನೊಂದು ನುಣುಪು ಕೊಡುತ್ತದೆ. ಇದು ಕೆಲಸದ ಹಂಚಿಕೆ. ಆಧುನಿಕ ಶಾಂಪೂವಿನ ತತ್ವವನ್ನೇ ಹಿರಿಯರು ಮೊದಲು ಕಂಡಿದ್ದರೆಂಬ ಅಭಿಮಾನದ ಮಾತು ಜನಪದ ಜ್ಞಾನದ ನಿಜವಾದ ಹೆಚ್ಚುಗಾರಿಕೆಯನ್ನು ಮರೆಮಾಡುತ್ತದೆ. ಆ ಹೆಚ್ಚುಗಾರಿಕೆ ಇರುವುದು ಯಾವ ಎಲೆ, ಎಷ್ಟು ನೀರು, ಯಾವುದು ಮೊದಲು, ಯಾವುದು ಅನಂತರ ಎಂಬ ಕೈಯಳತೆಯ ವಿವೇಕದಲ್ಲಿ.

ಕದಡಿದ ನೀರನ್ನು ತಿಳಿಗೊಳಿಸುವ ಚಿಲ್ಲದ ಬೀಜ ಸಂಸ್ಕೃತದಲ್ಲಿ ಕತಕವೆಂದು ಪ್ರಸಿದ್ಧ. ಹೆಸರು ಹೇಳಿದ ಮಾತ್ರಕ್ಕೆ ಫಲ ದೊರೆಯದೆಂಬುದಕ್ಕೆ ಮನುಸ್ಮೃತಿ ಇದನ್ನೇ ದೃಷ್ಟಾಂತವಾಗಿ ಬಳಸಿದೆ. ಕ್ಷೇತ್ರಕಾರ್ಯಕ್ಕೂ ಈ ದೃಷ್ಟಾಂತ ಸಲ್ಲುತ್ತದೆ. ದ್ರವ್ಯದ ಹೆಸರಿನೊಂದಿಗೆ ಅದರ ಅಳತೆ, ಬೆರೆಸುವ ಕ್ರಮ, ನೆನೆಯುವ ಹೊತ್ತು ಮತ್ತು ಊರಿನ ನೀರಿನ ಗುಣ ದಾಖಲಾಗದಿದ್ದರೆ, ಬಲ್ಲ ಹಿರಿಯರೊಂದಿಗೆ ಆ ವಿವೇಕವೂ ಮರೆಯಾಗಿ ಪಟ್ಟಿ ಮಾತ್ರ ಉಳಿಯುತ್ತದೆ.