ಮನೆದೇವರೂ ಒಕ್ಕಲೂ: ಬನಶಂಕರಿಯ ನಿದರ್ಶನ

ಬೆಂಗಳೂರಿನ ದಕ್ಷಿಣಕ್ಕೆ ಬನ್ನೇರುಘಟ್ಟದ ಹಾದಿಯಲ್ಲಿರುವ ಅರೆಕೆರೆಯು ಹಿಂದೆ ಬೇಗೂರು ಹೋಬಳಿಗೆ ಸೇರಿದ ಒಂದು ಗ್ರಾಮವಾಗಿತ್ತು. ಈಗ ನಗರದ ಬಡಾವಣೆಯಾಗಿರುತ್ತದೆ. ಹಳೆಯ ಊರಿನ ಮನೆತನಗಳ ಜೊತೆಗೆ ನಾಡಿನ ನಾನಾ ಭಾಗಗಳಿಂದ ಬಂದ ಕುಟುಂಬಗಳು ಇಲ್ಲಿ ನೆಲೆಸಿವೆ. ಇಂತಹ ಸ್ಥಳದಲ್ಲಿ ಒಬ್ಬರನ್ನು “ನಿಮ್ಮ ಊರು ಯಾವುದು?” ಎಂದು ಕೇಳಿದರೆ, ಹುಟ್ಟಿದ ಊರನ್ನೋ ಓದಿದ ಊರನ್ನೋ ಹೇಳುವರು. “ನೀವು ಯಾವ ದೇವರ ಒಕ್ಕಲು?” ಎಂದು ಕೇಳಿದರೆ, ತಾವು ಒಂದು ದಿನವೂ ವಾಸಮಾಡದ, ಮುತ್ತಾತಂದಿರು ಎಂದೋ ಬಿಟ್ಟುಬಂದ ಊರಿನ ಹೆಸರು ಹೊರಡುವುದುಂಟು. ಈ ಎರಡನೆಯ ಉತ್ತರವು ನಾಡಿನ ಚರಿತ್ರೆಗೆ ಎಷ್ಟರಮಟ್ಟಿಗೆ ಸಾಧನವಾಗಬಲ್ಲುದು, ಎಲ್ಲಿ ಅದನ್ನು ಎಚ್ಚರಿಕೆಯಿಂದ ಗ್ರಹಿಸಬೇಕು ಎಂಬುದನ್ನು ಬನಶಂಕರಿಯ ನಿದರ್ಶನದಿಂದ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದವನ್ನು ನೋಡೋಣ. ಒಕ್ಕಲು ಎಂದರೆ ನೆಲೆಸಿರುವಿಕೆ, ಮನೆ, ಮನೆತನ, ಬೇಸಾಯಗಾರ ಎಂಬ ಅರ್ಥಗಳುಂಟು. ಶಾಸನಗಳಲ್ಲಿ ಅರುವತ್ತೊಕ್ಕಲು ಎಂಬ ಸಮುದಾಯವಾಚಕವು ದೊರೆಯುತ್ತದೆ. ಹೊಸ ಮನೆಯನ್ನು ಹೊಗುವ ಶುಭಕಾರ್ಯವನ್ನು ಮನೆಯೊಕ್ಕಲು ಎನ್ನುವರು. ಇದ್ದವರನ್ನು ಹೊರಡಿಸುವುದು ಒಕ್ಕಲೆಬ್ಬಿಸುವುದು. ಹೀಗಿರುವಾಗ ಒಬ್ಬ ದೇವರಿಗೆ ಒಕ್ಕಲಾಗುವುದೆಂದರೆ ಆ ದೇವರ ನೆಲದಲ್ಲಿ ಬಾಳುವ ಮನೆಯಾಗುವುದು ಎಂದು ಅರ್ಥವಾಗುತ್ತದೆ. ಭಕ್ತ ಎಂಬ ಶಬ್ದವು ಒಬ್ಬ ವ್ಯಕ್ತಿಗೆ ಸಲ್ಲುವುದು. ಒಕ್ಕಲು ಎಂಬುದು ಒಂದು ಮನೆತನಕ್ಕೆ ಸಲ್ಲುವುದು. ಇಷ್ಟದೈವವನ್ನು ಮನುಷ್ಯನು ಆರಿಸಿಕೊಳ್ಳುವನು. ಮನೆದೇವರು ಹುಟ್ಟಿನೊಡನೆಯೇ ಬರುವುದು. ಗ್ರಾಮದೇವತೆಯ ಸಂಬಂಧವಾದರೋ ಊರಿನಲ್ಲಿರುವ ತನಕ. ಊರು ಬಿಟ್ಟವನನ್ನೂ ಹಿಂಬಾಲಿಸುವುದು ಮನೆದೇವರೇ. ಈ ಸಂಬಂಧವು ಉಭಯಪಕ್ಷದ್ದೆಂಬುದೂ ಗಮನಾರ್ಹವಾಗಿದೆ. ಕಂಸಾಳೆಯವರು ಹಾಡುವ ಮಲೆಯ ಮಾದೇಶ್ವರನ ಕಾವ್ಯದಲ್ಲಿ ದೇವರೇ ಮನೆಮನೆಯ ಬಾಗಿಲಿಗೆ ಹೋಗಿ, ಪರೀಕ್ಷಿಸಿ, ಒಕ್ಕಲನ್ನು ಪಡೆಯುವನು. ಒಕ್ಕಲಿಲ್ಲದ ದೇವರು ಜನಪದರ ಕಲ್ಪನೆಯಲ್ಲಿ ನೆಲೆಯಿಲ್ಲದ ದೇವರು.

ಅರಸುಮನೆತನಗಳಲ್ಲಿಯೂ ಇದೇ ಭಾವನೆ ಬೇರೂರಿದ್ದಿತು. ಹೊಯ್ಸಳರು ತಮ್ಮನ್ನು ವಾಸಂತಿಕಾದೇವಿಯಿಂದಲೂ, ಸಾಂತರರು ಹೊಂಬುಜದ ಪದ್ಮಾವತಿಯಿಂದಲೂ ವರಪ್ರಸಾದವನ್ನು ಪಡೆದವರೆಂದು ಬಿರುದುಗಳಲ್ಲಿ ಹೇಳಿಕೊಂಡಿರುವರು. ವಿಜಯನಗರದ ಅರಸರು ದಾನಶಾಸನಗಳ ಕೊನೆಗೆ ಶ್ರೀ ವಿರೂಪಾಕ್ಷ ಎಂಬ ಅಂಕಿತವನ್ನು ಹಾಕುತ್ತಿದ್ದರು. ಮೈಸೂರಿನ ಒಡೆಯರಿಗೆ ಚಾಮುಂಡೇಶ್ವರಿಯು ಕುಲದೇವತೆಯೆಂಬುದು ಸರ್ವವಿದಿತ.

ಇನ್ನು ಬನಶಂಕರಿಯ ವಿಚಾರ. ದೇವಿಯ ಮೂಲಸ್ಥಾನವು ಬಾದಾಮಿಯಿಂದ ಸುಮಾರು 5 ಕಿಲೋಮೀಟರು ದೂರದ ಚೊಳಚಗುಡ್ಡದ ಬಳಿ ಇದೆ. ಬನದಲ್ಲಿ ನೆಲೆಸಿದ ಶಂಕರಿಯಾದುದರಿಂದ ಬನಶಂಕರಿ. ಸಿಂಹವಾಹಿನಿಯಾದ ಅಷ್ಟಭುಜೆಯ ಕರಿಯ ಶಿಲಾಮೂರ್ತಿ, ಎದುರಿಗೆ ಕಲ್ಲಿನ ಮಂಟಪಗಳಿಂದ ಆವೃತವಾದ ಹರಿದ್ರಾತೀರ್ಥವೆಂಬ ಪುಷ್ಕರಿಣಿ, ಅದರ ದಡದಲ್ಲಿ ದೀಪಸ್ತಂಭ ಇವು ಕ್ಷೇತ್ರದ ಮುಖ್ಯ ಲಕ್ಷಣಗಳು. ದೇವಾಲಯವು ಮೂಲತಃ ಚಾಲುಕ್ಯರ ಕಾಲದ್ದೆಂದೂ, ಈಗಿನ ಕಟ್ಟಡವನ್ನು 1750ರಲ್ಲಿ ಮರಾಠಾ ಸರದಾರ ಪರಶುರಾಮ ಅಗಳೆ ಕಟ್ಟಿಸಿದನೆಂದೂ ಹೇಳುವರು. ನೇಕಾರರಾದ ದೇವಾಂಗರಲ್ಲಿ ಅನೇಕರಿಗೆ, ದೇಶಸ್ಥ ಬ್ರಾಹ್ಮಣರ ಕೆಲವು ಮನೆತನಗಳಿಗೆ ಈಕೆಯೇ ಕುಲದೇವತೆ.

ಪುಷ್ಯ ಶುದ್ಧ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಇಲ್ಲಿ ನಡೆಯುವ ನವರಾತ್ರಿಗೆ ವಿಶೇಷವುಂಟು. ಮಳೆಯಿಲ್ಲದ ಕಾಲದಲ್ಲಿ ತನ್ನ ದೇಹದಿಂದಲೇ ಹುಟ್ಟಿದ ಶಾಕಗಳಿಂದ ಲೋಕವನ್ನು ಪೋಷಿಸುವ ಶಾಕಂಭರಿಯ ಕಥೆಯು ದೇವೀಮಾಹಾತ್ಮ್ಯದಲ್ಲಿದೆ. ಬನಶಂಕರಿಯನ್ನು ಆ ಶಾಕಂಭರಿಯೆಂದೇ ಭಾವಿಸಿ, ಪಲ್ಲೇದ ಹಬ್ಬದಂದು 108 ಬಗೆಯ ಕಾಯಿಪಲ್ಲೆಗಳನ್ನು ಅಡಿಗೆಮಾಡಿ ನಿವೇದಿಸುವರು. ಬನದ ಹುಣ್ಣಿಮೆಯ ದಿನ ರಥೋತ್ಸವ. ಬಯಲುಸೀಮೆಯ ಬರಗಾಲವನ್ನು ಕಂಡವರಿಗೆ ಈ ಪೂಜೆಯ ಅರ್ಥವನ್ನು ವಿವರಿಸಬೇಕಾದುದಿಲ್ಲ. ಜಾತ್ರೆಯಲ್ಲಿ ನಾಟಕ ಮಂಡಲಿಗಳು ಬೀಡುಬಿಡುವ ಸಂಪ್ರದಾಯವು ಕನ್ನಡ ರಂಗಭೂಮಿಯ ಚರಿತ್ರೆಗೂ ಸೇರಿದ ಮಾತಾಗಿದೆ.

ಅರೆಕೆರೆಯ ವಾಯವ್ಯಕ್ಕೆ ಕೆಲವೇ ಮೈಲಿಗಳಾಚೆ, ಕನಕಪುರದ ರಸ್ತೆಯಲ್ಲಿ, ಇದೇ ದೇವಿಗೆ ಇನ್ನೊಂದು ಆಲಯವುಂಟು. ಬಾದಾಮಿಯ ಬನಶಂಕರಿಯಲ್ಲಿ ಭಕ್ತಿಯುಳ್ಳ ಸೋಮಣ್ಣ ಶೆಟ್ಟಿ ಎಂಬವರು 1915ರಲ್ಲಿ ಇದನ್ನು ಕಟ್ಟಿಸಿದರೆಂದು ಪ್ರತೀತಿ. ಅನಂತರ ಸುತ್ತಣ ಬಡಾವಣೆಗೂ, 2017ರಲ್ಲಿ ಅಲ್ಲಿ ತೆರೆದ ಮೆಟ್ರೋ ನಿಲ್ದಾಣಕ್ಕೂ ದೇವಿಯ ಹೆಸರೇ ನಿಂತಿತು. ಆದರೆ ಹೆಸರಿನೊಡನೆ ಆಚಾರವೆಲ್ಲವೂ ಬರಲಿಲ್ಲ. ಬಾದಾಮಿಯಲ್ಲಿ ಪ್ರಧಾನವಾದುದು ಕಾಯಿಪಲ್ಲೆಯ ನೈವೇದ್ಯವಾದರೆ, ಬೆಂಗಳೂರಿನಲ್ಲಿ ಮಂಗಳವಾರ, ಶುಕ್ರವಾರ, ಭಾನುವಾರಗಳ ರಾಹುಕಾಲದ ಪೂಜೆ ಪ್ರಸಿದ್ಧವಾಗಿದೆ. ನಿಂಬೆಯ ಹೋಳುಗಳನ್ನು ಹಿಂಡಿ, ತಿರುಗಿಸಿ, ಎಣ್ಣೆ ಹಾಕಿ ದೀಪ ಹಚ್ಚುವುದು ಅಲ್ಲಿಯ ಹರಕೆ. ಶುಭಕಾರ್ಯಕ್ಕೆ ವರ್ಜ್ಯವೆಂದು ಲೋಕವು ಬಿಡುವ ಸಮಯವನ್ನೇ ಇಲ್ಲಿ ದೇವಿಗೆ ಮೀಸಲಾಗಿರಿಸಿದೆ. ಬಾದಾಮಿಯಲ್ಲಿ ವರ್ಷಕ್ಕೊಮ್ಮೆ ಮನೆತನವು ಕೂಡುವುದು. ಬೆಂಗಳೂರಿನಲ್ಲಿ ವಾರವಾರವೂ ವ್ಯಕ್ತಿಯು ತನ್ನ ಕಷ್ಟವನ್ನು ಹೇಳಿಕೊಳ್ಳುವನು. ಒಂದೇ ದೇವಿಯು ಅಲ್ಲಿ ಒಕ್ಕಲುಳ್ಳ ಮನೆದೇವರು, ಇಲ್ಲಿ ಬಹುಮಂದಿಗೆ ಇಷ್ಟದೈವ. ಎರಡನೆಯದು ಕೀಳೆಂದು ಹೇಳುವಂತಿಲ್ಲ. ಆದರೆ ಎರಡೂ ಒಂದೇ ಎಂದು ಎಣಿಸಿದರೆ ಚರಿತ್ರಕಾರನು ಎಡವುವನು.

ಆದುದರಿಂದ ಮನೆದೇವರ ಹೆಸರನ್ನು ವಲಸೆಗೆ ಸಾಕ್ಷಿಯಾಗಿ ಹಿಡಿಯುವಾಗ ಮೂರು ಅಂಶಗಳನ್ನು ಪರಿಶೀಲಿಸಬೇಕಾಗುತ್ತದೆ. ಒಂದು, ದೇವರೇ ಸ್ಥಳಾಂತರ ಹೊಂದಿರಬಹುದು. “ನಮ್ಮದು ಬನಶಂಕರಿ” ಎಂಬ ಮಾತಿನಿಂದ ಬಾದಾಮಿಯ ಮೂಲವು ತಾನಾಗಿ ಸಿದ್ಧಿಸಲಾರದು; ಮುಡಿ ಕೊಡುವುದು ಎಲ್ಲಿ, ಮೀಸಲು ಸಲ್ಲಿಸುವುದು ಎಲ್ಲಿ ಎಂದು ಕೇಳಬೇಕು. ಎರಡು, ಮತಾಂತರದಲ್ಲಿಯೂ ಹಳೆಯ ಸಂಬಂಧ ಉಳಿಯುವುದುಂಟು, ಅಥವಾ ಹೊಸದು ಬರುವುದುಂಟು. ಬಸವಣ್ಣನವರೇ ಮೊದಲಾದ ವಚನಕಾರರು ಹಲವು ದೈವಗಳ ಆರಾಧನೆಯನ್ನು ಕಠಿನವಾಗಿ ಖಂಡಿಸಿದರೂ, ಇಷ್ಟಲಿಂಗಧಾರಿಗಳಾದ ಮನೆತನಗಳಲ್ಲಿ ವೀರಭದ್ರನನ್ನು ಮನೆದೇವರಾಗಿ ಉಳ್ಳವರು ಬಹಳ. ಮೂರು, ಪ್ರತಿಷ್ಠೆಗಾಗಿ ಅರಸರ ಸಂಬಂಧವನ್ನು ಹಚ್ಚುವುದುಂಟು. ಬನಶಂಕರಿಯು ಚಾಲುಕ್ಯರ ಕುಲದೇವತೆಯೆಂದು ಜನವು ನಂಬಿದೆ. ಆದರೆ ಅವರ ವಂಶಪ್ರಶಸ್ತಿಯು ಸ್ಮರಿಸುವುದು ಸಪ್ತಮಾತೃಕೆಯರನ್ನು, ಕಾರ್ತಿಕೇಯನನ್ನು, ವರಾಹಲಾಂಛನವನ್ನು ದಯಪಾಲಿಸಿದ ನಾರಾಯಣನನ್ನು. ಆ ವಾಕ್ಯಗಳಲ್ಲಿ ಬನಶಂಕರಿಯ ಹೆಸರಿಲ್ಲ. ಮಾತೃಕಾರಾಧನೆಯಿದ್ದ ಕುಲವು ಈ ದೇವಿಯನ್ನೂ ಪೂಜಿಸಿರಬಹುದೆಂಬ ಊಹೆಗೆ ಅವಕಾಶವಿದ್ದರೂ ಊಹೆಯು ಪ್ರಮಾಣದ ಸ್ಥಾನವನ್ನು ಪಡೆಯಲಾರದು.

ಇಷ್ಟು ಎಚ್ಚರಿಕೆಯಿಂದ ನೋಡಿದ ಮೇಲೂ ಉಳಿಯುವ ಸಾಕ್ಷ್ಯವು ಅಮೂಲ್ಯವಾದುದು. ಸಾಮಾನ್ಯ ಮನೆತನಗಳಿಗೆ ತಾಮ್ರಶಾಸನಗಳಿಲ್ಲ, ವಂಶಾವಳಿಯ ಕಡತಗಳಿಲ್ಲ. ಲಗ್ನಪತ್ರಿಕೆಯ ತಲೆಯ ಮೇಲೆ ಬರೆಯುವ ಒಂದು ದೇವರ ಹೆಸರು, ಹರಕೆಗೆಂದು ಅರಿಸಿನದ ಬಟ್ಟೆಯಲ್ಲಿ ಕಟ್ಟಿಟ್ಟ ಒಂದು ನಾಣ್ಯ, ಮಗುವಿಗೆ ಇಟ್ಟ ಬನಶಂಕರಿ ಎಂಬ ಹೆಸರು ಇವೇ ಅವರ ದಾಖಲೆಗಳು. ಇವನ್ನು ಬಲ್ಲವರು ಮನೆಯ ಹಿರಿಯ ಹೆಂಗಸರು. ಅವರೊಡನೆ ಈ ತಿಳಿವಳಿಕೆಯೂ ಮರೆಯಾಗುತ್ತಲಿದೆ. ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಂದ ಮನೆದೇವರ ಹೆಸರು, ಸ್ಥಳ, ಹೋಗುವ ಕಾಲ, ಸಲ್ಲಿಸುವ ವಸ್ತು ಎಂಬ ನಾಲ್ಕು ಸಂಗತಿಗಳನ್ನು ಬರೆಯಿಸಿಟ್ಟರೆ, ಅರೆಕೆರೆಯಂತಹ ಒಂದು ಬಡಾವಣೆಯ ತರಗತಿಯಿಂದಲೇ ಕರ್ಣಾಟಕದ ವಲಸೆಗಳ ಒಂದು ನಕ್ಷೆ ಸಿದ್ಧವಾದೀತು. ಊರಿನಿಂದ ಒಕ್ಕಲೆದ್ದ ಮನೆಗಳು ದೇವರ ಒಕ್ಕಲಾಗಿ ಇನ್ನೂ ಉಳಿದಿರುವಾಗಲೇ ಈ ಕಾರ್ಯವು ನಡೆಯತಕ್ಕದ್ದು.