ಅಡಿಕೆ ತೋಟದ ನೆರಳಿನಿಂದ ಚಾಕೊಲೇಟ್ ಹಾಲಿನವರೆಗೆ

ಕುದುರೆಮುಖದ ಮೇಲೂ ಕೆಳಗೂ ಎರಡು ಪಾನೀಯಗಳ ಸೀಮೆಗಳಿವೆ. ಘಟ್ಟದ ಮೇಲಿನ ಕಳಸ, ಮೂಡಿಗೆರೆಗಳಲ್ಲಿ ಮನೆಗೆ ಬಂದವರ ಮುಂದೆ ಮೊದಲು ಇಡುವುದು ಕಾಫಿ ಲೋಟ. ಘಟ್ಟವಿಳಿದು ಕಾರ್ಕಳ, ಬೆಳ್ತಂಗಡಿ, ಪುತ್ತೂರಿನತ್ತ ಸಾಗಿದರೆ ಅಡಿಕೆ ಮರಗಳ ನಡುವೆ ಇನ್ನೊಂದು ಗಿಡ ಕಣ್ಣಿಗೆ ಬೀಳುತ್ತದೆ. ಅದರ ಹೂವೂ ಕಾಯಿಯೂ ಕಾಂಡಕ್ಕೇ ಅಂಟಿಕೊಂಡಿರುತ್ತವೆ. ಅದೇ ಕೋಕೋ. ಮಳೆಗಾಲದ ಸಂಜೆ ಮಕ್ಕಳು ಕೇಳುವ ಬಿಸಿ ಚಾಕೊಲೇಟ್ ಹಾಲಿನ ಮೂಲ ಇಲ್ಲಿದೆ.

ಚಳಿ ತಾಳದ ಈ ಗಿಡದ ತವರು ಅಮೆಜಾನ್ ಕಣಿವೆ. ಮೆಕ್ಸಿಕೋದ ಅಜ್ಟೆಕ್ ಜನ ಕೋಕೋ ಬೀಜವನ್ನು ಅರೆದು, ಮೆಣಸಿನಕಾಯಿ ಬೆರೆಸಿ, ಕಹಿಯಾಗಿಯೇ ಕುಡಿಯುತ್ತಿದ್ದರು. ಸಕ್ಕರೆ ಸೇರಿದ್ದು ಅದು ಸ್ಪೇನಿಗೆ ಹೋದ ಮೇಲೆ. ಬೀಜದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಕೊಬ್ಬು ಇರುವುದರಿಂದ ಪಾನೀಯದ ಮೇಲೆ ಜಿಡ್ಡು ತೇಲುತ್ತಿತ್ತು. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಕುಟುಂಬ ಕೊಬ್ಬನ್ನು ಹಿಂಡಿ ತೆಗೆಯುವ ವಿಧಾನ ಕಂಡುಹಿಡಿಯಿತು. ಇಂದಿನ ಕೋಕೋ ಪುಡಿ ಹುಟ್ಟಿದ್ದು ಹೀಗೆ.

ಕರಾವಳಿಯ ರೈತರು ಅಡಿಕೆಯ ನಡುವೆ ಉಪಬೆಳೆಯಾಗಿ ಕೋಕೋ ಹಾಕಿದ್ದು ಹೆಚ್ಚಾಗಿ 1970ರ ದಶಕದಲ್ಲಿ. ದಶಕದ ಕೊನೆಗೆ ಧಾರಣೆ ಕುಸಿದು, ಖರೀದಿದಾರರು ಹಿಂದೆ ಸರಿದರು. ಅಡಿಕೆಯನ್ನಾದರೆ ಒಣಗಿಸಿ ಅಟ್ಟದಲ್ಲಿ ಕಾಪಿಡಬಹುದು. ಹಣ್ಣಾದ ಕೋಕೋ ಕಾಯುವುದಿಲ್ಲ. ಎಷ್ಟೋ ಮಂದಿ ಗಿಡಗಳನ್ನೇ ಕಡಿದರು. ಆಗ ನೆರವಿಗೆ ಬಂದದ್ದು ಕ್ಯಾಂಪ್ಕೊ. ಅಡಿಕೆ ಬೆಳೆಗಾರರಿಗಾಗಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಈ ಸಹಕಾರಿ ಸಂಸ್ಥೆ ಕೋಕೋ ಖರೀದಿಗೂ ಇಳಿಯಿತು. ಕೊಂಡ ಬೀಜಕ್ಕೆ ನೆಲೆ ಬೇಕಲ್ಲ? 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆಯೇ ಆರಂಭವಾಯಿತು. ಬೆಳೆದವರದೇ ಕಾರ್ಖಾನೆ ಎಂಬುದು ಇದರ ವಿಶೇಷ.

ಕಾಯಿ ಒಡೆದರೆ ಸಿಗುವ ಬೀಜಕ್ಕೆ ಚಾಕೊಲೇಟಿನ ವಾಸನೆ ಇರುವುದಿಲ್ಲ. ಬಿಳಿ ಲೋಳೆಯ ಸಮೇತ ಐದಾರು ದಿನ ರಾಶಿ ಹಾಕಿ ಹುದುಗಿಸಬೇಕು. ಆಮೇಲೆ ಬಿಸಿಲಿಗೆ ಒಣಹಾಕಬೇಕು. ಹುದುಗು ಸರಿಯಾಗದಿದ್ದರೆ ಮುಂದೆ ಎಷ್ಟು ಹುರಿದರೂ ಪರಿಮಳ ಬಾರದು. ಮಳೆಗಾಲದಲ್ಲಿ ಕಾಯಿ ಕಪ್ಪಾಗಿ ಕೊಳೆಯುವ ಕಾಟ ಬೇರೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ಬಳಗವೇ ಇದಕ್ಕೂ ಕಾರಣ.

ಇನ್ನು ಅಡುಗೆಮನೆಯ ಮಾತು. ಕಾಫಿಯಲ್ಲಿ ಡಿಕಾಕ್ಷನ್ ಇಳಿದ ಮೇಲೆ ಪುಡಿಯನ್ನು ಚೆಲ್ಲುತ್ತೇವೆ. ಕೋಕೋದಲ್ಲಿ ಪುಡಿಯನ್ನೂ ಕುಡಿಯುತ್ತೇವೆ. ಅದು ಹಾಲಿನಲ್ಲಿ ಕರಗುವುದಿಲ್ಲ, ಬೆರೆಯುತ್ತದೆ ಅಷ್ಟೆ. ಬಿಸಿ ಹಾಲಿಗೆ ಒಮ್ಮೆಲೇ ಸುರಿದರೆ ಗಂಟುಕಟ್ಟುವುದು ಇದಕ್ಕೇ. ಒಂದು ಲೋಟ ಹಾಲಿಗೆ ಎರಡು ಚಮಚ ಕೋಕೋ ಪುಡಿ, ಎರಡು ಮೂರು ಚಮಚ ಸಕ್ಕರೆ ಸಾಕು. ಮೊದಲು ಇವೆರಡನ್ನು ಸ್ವಲ್ಪ ಉಗುರುಬೆಚ್ಚಗಿನ ಹಾಲಿನಲ್ಲಿ ಕಲಸಿ, ನಂತರ ಉಳಿದ ಹಾಲು ಸೇರಿಸಿ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಕುದಿಸಬೇಕು. ಪುಡಿಯಲ್ಲಿರುವ ಪಿಷ್ಟ ಉಬ್ಬಿ ಹಾಲು ಮಂದವಾಗುತ್ತದೆ. ಘಟ್ಟದ ಏಲಕ್ಕಿ, ಜಜ್ಜಿದ ಕಾಳುಮೆಣಸು, ಚಿಟಿಕೆ ಉಪ್ಪು ಹಾಕಿದರೆ ರುಚಿ ಏರುತ್ತದೆ. ಇನ್ನೂ ಗಟ್ಟಿ ಬೇಕೆನ್ನುವವರು ಕಪ್ಪು ಚಾಕೊಲೇಟಿನ ತುಂಡೊಂದನ್ನು ಕರಗಿಸಬಹುದು.

ಅಂಗಡಿಯ ‘ಡ್ರಿಂಕಿಂಗ್ ಚಾಕೊಲೇಟ್’ ಡಬ್ಬಿಯಲ್ಲಿ ಸಕ್ಕರೆ ಮೊದಲೇ ಸೇರಿರುತ್ತದೆ. ಡಬ್ಬಿಯ ಮೇಲೆ ಯಾವುದರ ಹೆಸರು ಮುಂದಿದೆಯೋ ಅದರ ಪಾಲೇ ಹೆಚ್ಚು ಎಂದು ತಿಳಿದು ಕೊಳ್ಳುವುದು ಒಳ್ಳೆಯದು.

ಪಶ್ಚಿಮ ಆಫ್ರಿಕಾದ ಫಸಲು ಕೈಕೊಟ್ಟಾಗ, 2024ರಲ್ಲಿ ಕೋಕೋ ಬೆಲೆ ನ್ಯೂಯಾರ್ಕ್ ಪೇಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು. ಮರುವರ್ಷ ಮತ್ತೆ ಇಳಿಯಿತು. ಈ ಏರಿಳಿತ ದೂರದ್ದಲ್ಲ, ಅಡಿಕೆ ತೋಟದ ಅಂಗಳದವರೆಗೂ ಬರುತ್ತದೆ. ಗಿಡ ಕಡಿಯಬೇಕೋ ಉಳಿಸಿಕೊಳ್ಳಬೇಕೋ ಎಂದು ಬೆಳೆಗಾರ ಲೆಕ್ಕ ಹಾಕುವಾಗ, ಇಳಿದ ಧಾರಣೆಯಲ್ಲೂ ಕೊಳ್ಳುವವರು ಹತ್ತಿರದಲ್ಲೇ ಇದ್ದಾರೆಯೇ ಎಂಬುದೇ ಮುಖ್ಯವಾಗುತ್ತದೆ.